ಒಂಟೆ ಮುಖಕ್ಕೆ ಸೀನಿತು, ಅಪ್ಪ ಹಸಿ ಹಾಲು ಕುಡಿದರು. ಈಗ ಏನು ಮಾಡಲಿ?

ರಿಯಾದ್_ರಾತ್ರಿಪಾಳಿ (ಮಂಗಳವಾರ)

ಇಲ್ಲಿ ಓದುವುದೇ ಜಾಸ್ತಿ, ಬರೆಯುವುದು ಕಡಿಮೆ. ಇವತ್ತು ನಿದ್ದೆ ಬರುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ರಿಯಾದ್‌ಗೆ ಬಂದು ಏಳು ವರ್ಷ ಆಯಿತು. ಅಪ್ಪ ವಿಸಿಟ್ ವೀಸಾದಲ್ಲಿ ಬಂದಿದ್ದಾರೆ. ವಯಸ್ಸು 68, ಶುಗರ್ ಇದೆ. ಕಳೆದ ಶುಕ್ರವಾರ ಆಫೀಸಿನ ಸೌದಿ ಗೆಳೆಯನೊಬ್ಬ ಊರಾಚೆಯ ತನ್ನ ಮನೆಯವರ ಒಂಟೆ ಫಾರ್ಮಿಗೆ ಕರೆದುಕೊಂಡು ಹೋದ. ಸುಮಾರು ಮೂವತ್ತು ಒಂಟೆ, ಏಳೆಂಟು ಮರಿ. ಅಪ್ಪನಿಗೆ ದನಕರು ಅಂದರೆ ಜೀವ. ಒಂದು ಮರಿಯ ಕತ್ತು ತಬ್ಬಿಕೊಂಡು ಫೋಟೊ ತೆಗೆಸಿಕೊಂಡರು. ಅದರ ಮೂಗಿನಿಂದ ನೀರು ಇಳಿಯುತ್ತಿತ್ತು. ಆಗ ಗಮನಿಸಲಿಲ್ಲ, ಈಗ ಫೋಟೊ ದೊಡ್ಡದು ಮಾಡಿ ನೋಡಿದರೆ ಕಾಣುತ್ತಿದೆ. ಪಕ್ಕದಲ್ಲಿದ್ದದ್ದು ನನ್ನ ಮುಖಕ್ಕೇ ಸೀನಿತು. ಆಮೇಲೆ ಅಲ್ಲಿ ಒಂಟೆ ನೋಡಿಕೊಳ್ಳುವ ಸುಡಾನಿನವನು ನಮ್ಮೆದುರೇ ಕರೆದು ಬಟ್ಟಲಲ್ಲಿ ನೊರೆಹಾಲು ಕೊಟ್ಟ. ಬೇಡ ಎನ್ನಲು ಮುಖ ಬರಲಿಲ್ಲ. ನಾನು ಎರಡು ಗುಟುಕು, ಅಪ್ಪ ಪೂರ್ತಿ ಬಟ್ಟಲು.

ಇವತ್ತು ನನಗೆ ಗಂಟಲು ಕೆರೆತ. ಅಪ್ಪ ಆರಾಮಾಗಿದ್ದಾರೆ. ನೆಟ್‌ನಲ್ಲಿ ನೋಡಿದರೆ ಒಂಟೆಯಿಂದ ಮರ್ಸ್ ಎಂಬ ಕೊರೊನಾ ಬರುತ್ತದೆ, ಬಂದ ಮೂವರಲ್ಲಿ ಒಬ್ಬರು ಸಾಯುತ್ತಾರೆ ಎಂದಿದೆ. ನಿಜವಾ? ಈಗಲೇ ಆಸ್ಪತ್ರೆಗೆ ಓಡಬೇಕಾ, ಕಾಯಬೇಕಾ? ಹೆಂಡತಿಗೆ ಇನ್ನೂ ಹೇಳಿಲ್ಲ.

ಕಡಲತಡಿಯವ

ಹೆಂಡತಿಗೆ ಹೇಳಿಲ್ಲ, ಊರಿಗೆಲ್ಲ ಹೇಳಿದ್ದೀರಿ. ಭೇಷ್ ಮಾರಾಯ್ರೆ.

ಬೇವಿನಕಟ್ಟೆ

ಮೂವರಲ್ಲಿ ಒಬ್ಬರು!! ಇನ್ನೂ ಇಲ್ಲಿ ಕೂತು ಟೈಪ್ ಮಾಡುತ್ತಿದ್ದೀರಲ್ಲ, ಈಗಲೇ ಹೋಗಿ ಸಾರ್. ಅಪ್ಪನನ್ನು ಬೇರೆ ರೂಮಿನಲ್ಲಿ ಮಲಗಿಸಿ.

ಅನುಮಾನ_ಪುರುಷ

ಏನೂ ಆಗಲ್ಲ. ಅರಬರು ಸಾವಿರಾರು ವರ್ಷದಿಂದ ಒಂಟೆ ಜೊತೆ ಮಲಗಿ ಏಳುತ್ತಿದ್ದಾರೆ, ಅದರ ಹಾಲು ಕುಡಿದೇ ಬದುಕಿದ್ದಾರೆ. 2012ರವರೆಗೆ ಇಲ್ಲದ ಕಾಯಿಲೆ ಆಮೇಲೆ ಎಲ್ಲಿಂದ ಬಂತು? ಹೊಸ ಕಾಯಿಲೆ ಬಂದರೆ ಹೊಸ ಔಷಧಿ ಮಾರಬಹುದು. ಅಷ್ಟೇ ಕಥೆ.

ದನದ_ಡಾಕ್ಟ್ರು

ನಾನು ಪಶುವೈದ್ಯ. ಒಮಾನಿನಲ್ಲಿ ಆರು ವರ್ಷ ಒಂಟೆಗಳ ನಡುವೆಯೇ ಕೆಲಸ ಮಾಡಿದ್ದೇನೆ. ರಾತ್ರಿಪಾಳಿ ಅವರೇ, ಮೊದಲು ಸಮಾಧಾನ ಮಾಡಿಕೊಳ್ಳಿ. ಅನುಮಾನ ಅವರೇ, ನಿಮಗೂ ಉತ್ತರ ಇದರಲ್ಲೇ ಇದೆ.

ಮರ್ಸ್ ನಿಜವಾದ ಕಾಯಿಲೆ. 2012ರಲ್ಲಿ ಜೆಡ್ಡಾದ ಆಸ್ಪತ್ರೆಯಲ್ಲಿ ನ್ಯುಮೋನಿಯಾದಿಂದ ತೀರಿಹೋದ ರೋಗಿಯೊಬ್ಬರ ಕಫದಲ್ಲಿ ಈಜಿಪ್ಟಿನ ತಜ್ಞ ಅಲಿ ಮೊಹಮ್ಮದ್ ಝಕಿ ಅವರಿಗೆ ಈ ವೈರಸ್ ಮೊದಲು ಸಿಕ್ಕಿತು. ಒಂಟೆಯ ನಂಟು ತಿಳಿದದ್ದು ಮರುವರ್ಷ. ಒಮಾನಿನ 50 ಒಂಟೆಗಳ ರಕ್ತ ಪರೀಕ್ಷೆ ಮಾಡಿದರು. ಐವತ್ತರಲ್ಲೂ ಇದರ ವಿರುದ್ಧದ ಪ್ರತಿಕಾಯ (ಸೋಂಕಿನ ವಿರುದ್ಧ ಹೋರಾಡಲು ಮೈ ತಯಾರಿಸುವ ಪ್ರೋಟೀನು) ಇತ್ತು. ಐವತ್ತಕ್ಕೆ ಐವತ್ತು! ಅಂದರೆ ಆ ಒಂಟೆಗಳಿಗೆಲ್ಲ ಒಮ್ಮೆಯಾದರೂ ಬಂದು ಹೋಗಿದೆ. ನಾನು ಅಲ್ಲಿಗೆ ಹೋದಾಗ ಹಳೆಯ ಒಂಟೆ ಸಾಕುವವರಿಗೆ ಇದನ್ನು ಹೇಳಿದರೆ, "ಇದನ್ನು ಹೇಳಲು ಸೂಜಿ ಬೇಕಿತ್ತೇ, ಮರಿಗಳಿಗೆ ಪ್ರತಿ ವರ್ಷ ನೆಗಡಿ ಬರುವುದಿಲ್ಲವೇ" ಎಂದು ನಕ್ಕರು.

ಒಂಟೆಗೆ ಅದು ಬರೀ ನೆಗಡಿಯೇ. ಮೂಗು ಸೋರುತ್ತದೆ, ಒಂದೆರಡು ವಾರಕ್ಕೆ ಸರಿಹೋಗುತ್ತದೆ. ಎಷ್ಟೋ ಸಲ ಅದೂ ಕಾಣುವುದಿಲ್ಲ. ಈ ವೈರಸ್ ಡಿಪಿಪಿ4 ಎಂಬ ಪ್ರೋಟೀನಿಗೆ ಅಂಟಿಕೊಂಡು ಜೀವಕೋಶದ ಒಳಗೆ ಹೋಗುತ್ತದೆ. ಒಂಟೆಗೆ ಆ ಪ್ರೋಟೀನು ಮೂಗಿನಲ್ಲೇ ಬೇಕಾದಷ್ಟಿದೆ. ನಮಗೆ ಮೂಗಿನಲ್ಲಿ ಅಷ್ಟಾಗಿ ಇಲ್ಲ, ಶ್ವಾಸಕೋಶದ ಆಳದಲ್ಲಿದೆ. ಹಾಗಾಗಿ ಅದಕ್ಕೆ ಸಿಂಬಳ, ನಮಗೆ ನ್ಯುಮೋನಿಯಾ. ಅಷ್ಟು ಆಳಕ್ಕೆ ಇಳಿಯಬೇಕು, ಅಲ್ಲಿಂದ ಮತ್ತೆ ಹೊರಗೆ ಬರಬೇಕು. ಇದಕ್ಕೇ ಮನುಷ್ಯನಿಂದ ಮನುಷ್ಯನಿಗೆ ಸಲೀಸಾಗಿ ದಾಟುವುದಿಲ್ಲ.

ನಿಮ್ಮ ವಿಷಯದಲ್ಲಿ ನನಗೆ ಸ್ವಲ್ಪ ಕಸಿವಿಸಿ ಆಗಿದ್ದು ಒಂದೇ: ಮೂಗು ಸೋರುವ ಮರಿ. ಹುಟ್ಟಿದ ಮರಿಗೆ ತಾಯಿಯ ಗಿಣ್ಣುಹಾಲಿನಿಂದ ಕೆಲವು ತಿಂಗಳು ರಕ್ಷಣೆ ಇರುತ್ತದೆ. ಅದು ಇಳಿದ ಮೇಲೆ ಸೋಂಕು ಹಿಡಿಯುತ್ತದೆ. ಆಗ ಮೂಗಿನ ತುಂಬ ವೈರಸ್. ಆದರೂ ಸೋರುವ ಮೂಗೆಲ್ಲ ಮರ್ಸ್ ಅಲ್ಲ. ಮರಳು, ಧೂಳು, ಬೇರೆ ನೆಗಡಿ, ಏನು ಬೇಕಾದರೂ ಇರಬಹುದು.

ಪದಬಂಧ

ಒಂದು ಸಣ್ಣ ಸಂಶಯ. ಒಂಟೆಯದ್ದು ಮರಿಯೋ ಕರುವೋ? ಹಸುವಿಗೆ ಕರು, ಎಮ್ಮೆಗೂ ಕರು, ಆಡಿಗೆ ಮರಿ. ಹಾಲು ಕರೆಯುವ ದೊಡ್ಡ ಪ್ರಾಣಿಯಾದ್ದರಿಂದ ಒಂಟೆಕರು ಎನ್ನಬೇಕಲ್ಲವೇ?

ಹುಣಸೆಹುಳಿ

ಆನೆಮರಿ ಎನ್ನುತ್ತೇವೆ ಸ್ವಾಮಿ. ದೊಡ್ಡದು ಸಣ್ಣದು ಲೆಕ್ಕ ಇಲ್ಲ.

ಪದಬಂಧ

ಆನೆಯನ್ನು ಯಾರೂ ಕರೆಯುವುದಿಲ್ಲ. ನಾನು ಹೇಳಿದ್ದು ಹಾಲು ಕರೆಯುವ ಪ್ರಾಣಿ.

ಹುಣಸೆಹುಳಿ

ಆಡನ್ನು ಕರೆಯುತ್ತಾರೆ.

ಬೇವಿನಕಟ್ಟೆ

ಅಲ್ರೀ, ಆ ಮನುಷ್ಯನ ಅಪ್ಪನಿಗೆ ಏನಾಗುತ್ತದೋ ಎಂದು ಕೂತಿದ್ದಾರೆ, ನಿಮ್ಮದು ವ್ಯಾಕರಣ!

ವಾರ್ಡ್_ಅಕ್ಕ

ನಾನು ನರ್ಸ್. 2014ರಲ್ಲಿ ಸೌದಿಯ ಒಂದು ಆಸ್ಪತ್ರೆಯಲ್ಲಿದ್ದೆ (ಹೆಸರು ಬೇಡ). ಆ ವರ್ಷ ಏಪ್ರಿಲ್‌ನಲ್ಲಿ ಜೆಡ್ಡಾದಲ್ಲಿ ಒಂದೇ ಸಮನೆ ಕೇಸು ಏರಿತು, ಆರೋಗ್ಯ ಮಂತ್ರಿಯನ್ನೇ ತೆಗೆದುಹಾಕಿದರು. ಆ ದಿನಗಳನ್ನು ನಾನು ಮರೆಯುವ ಹಾಗಿಲ್ಲ.

ನಮ್ಮಲ್ಲಿ ಜ್ವರ ಎಂದು ಬಂದ ಒಬ್ಬರನ್ನು ಸಾಮಾನ್ಯ ವಾರ್ಡಿನಲ್ಲೇ ಎರಡು ದಿನ ಮಲಗಿಸಿದ್ದರು. ಮೂರನೇ ದಿನ ಮರ್ಸ್ ಎಂದು ಗೊತ್ತಾಯಿತು. ಅಷ್ಟರಲ್ಲಿ ನಾನು ಆ ಹಾಸಿಗೆಯ ಹತ್ತಿರ ಎಷ್ಟು ಸಲ ಹೋಗಿ ಬಂದಿದ್ದೆನೋ. ಹದಿನಾಲ್ಕು ದಿನ ಹಾಸ್ಟೆಲ್ ರೂಮಿನಲ್ಲಿ ಒಬ್ಬಳೇ. ಊಟ ಬಾಗಿಲಲ್ಲಿಟ್ಟು, ತಟ್ಟಿ ಓಡಿಹೋಗುತ್ತಿದ್ದರು. ನನಗೆ ಬರಲಿಲ್ಲ. ನನ್ನ ಜೊತೆ ಕೆಲಸ ಮಾಡುತ್ತಿದ್ದವಳಿಗೆ ಬಂತು, ಉಳಿದಳು. ಅವಳಾಗಲಿ ನಾನಾಗಲಿ ಜೀವಮಾನದಲ್ಲಿ ಒಂಟೆ ಮುಟ್ಟಿದವರಲ್ಲ.

ಎಲ್ಲರೂ ಒಂಟೆ ಒಂಟೆ ಎನ್ನುತ್ತಾರೆ. ದೊಡ್ಡ ಗಲಾಟೆಗಳೆಲ್ಲ ಆಗಿರುವುದು ಆಸ್ಪತ್ರೆಯೊಳಗೆ. 2013ರಲ್ಲಿ ಸೌದಿಯ ಅಲ್ ಅಹ್ಸಾದಲ್ಲಿ ಡಯಾಲಿಸಿಸ್ ಯೂನಿಟ್ಟಿನಲ್ಲೂ ಹರಡಿ ಒಟ್ಟು 23 ಜನಕ್ಕೆ ಹಬ್ಬಿತು. ಒಂಟೆಯಿಂದ ಒಬ್ಬರಿಗೆ ಬರುತ್ತದೆ. ಅವರು ಬಾಯಿಬಿಟ್ಟು ಹೇಳದಿದ್ದರೆ, ನಾವು ಕೇಳದಿದ್ದರೆ, ಆಸ್ಪತ್ರೆಯಿಂದ ಹತ್ತು ಜನಕ್ಕೆ.

ಹಾಗಾಗಿ ರಾತ್ರಿಪಾಳಿ ತಮ್ಮ, ನೀನು ಮಾಡಬೇಕಾದ್ದು ಇಷ್ಟೇ. ಮುಟ್ಟಿದ ದಿನದಿಂದ ಹದಿನಾಲ್ಕು ದಿನ ಇಬ್ಬರದ್ದೂ ಜ್ವರ ನೋಡಿಕೋ. ಬರುವುದಿದ್ದರೆ ಸಾಮಾನ್ಯವಾಗಿ ಐದಾರು ದಿನಕ್ಕೆ ಗೊತ್ತಾಗುತ್ತದೆ. ಬರೀ ಗಂಟಲು ಕೆರೆತಕ್ಕೆ ಓಡಬೇಡ. ಜ್ವರ, ಕೆಮ್ಮು, ಉಸಿರಿಗೆ ಕಷ್ಟ, ಇದರಲ್ಲಿ ಯಾವುದು ಬಂದರೂ ಆರೋಗ್ಯ ಇಲಾಖೆಯ ಸಹಾಯವಾಣಿ 937ಕ್ಕೆ ಫೋನ್ ಮಾಡು, ಮಾಸ್ಕ್ ಹಾಕಿಕೊಂಡು ಹೋಗು. ಬಾಗಿಲಲ್ಲಿ ಕೂತವರಿಗೆ ಮೊದಲ ಮಾತೇ "ಒಂಟೆ ಮುಟ್ಟಿದ್ದೇವೆ, ಹಸಿ ಹಾಲು ಕುಡಿದಿದ್ದೇವೆ" ಎಂದಿರಲಿ. ನಾಚಿಕೆ ಪಡಬೇಡ. ಅಪ್ಪನ ವಿಷಯದಲ್ಲಿ ತಡ ಮಾಡಬೇಡ. ಶುಗರ್, ಕಿಡ್ನಿ, ವಯಸ್ಸು ಇದ್ದವರಿಗೇ ಇದು ಜೋರಾಗಿ ಹಿಡಿಯುವುದು.

ರಿಯಾದ್_ರಾತ್ರಿಪಾಳಿ

ಅಕ್ಕಾ, ತುಂಬಾ ಥ್ಯಾಂಕ್ಸ್. ಡಾಕ್ಟ್ರೇ, ನಿಮಗೂ. ಹೆಂಡತಿಗೆ ಹೇಳಿದೆ. ಮಾತು ಬಿಟ್ಟಿದ್ದಾಳೆ, ಆದರೆ ಥರ್ಮಾಮೀಟರ್ ತಂದಿಟ್ಟಿದ್ದಾಳೆ.

ದುಬೈ_ಡ್ರೈವರ್

ನಾನು ಹನ್ನೆರಡು ವರ್ಷದಿಂದ ಮರುಭೂಮಿ ಸಫಾರಿ ಗಾಡಿ ಓಡಿಸುತ್ತಿದ್ದೇನೆ. ದಿನಾ ನೂರಾರು ಜನ ಒಂಟೆ ಹತ್ತುತ್ತಾರೆ, ಮುತ್ತು ಕೊಟ್ಟು ಸೆಲ್ಫಿ ತೆಗೆದುಕೊಳ್ಳುತ್ತಾರೆ. ಒಬ್ಬರಿಗೂ ಏನೂ ಆಗಿದ್ದು ನೋಡಿಲ್ಲ. ಸುಮ್ನೆ ಹೆದರಿಸಬೇಡಿ. ನಮ್ಮ ಹೊಟ್ಟೆಪಾಡಿನ ಪ್ರಶ್ನೆ.

ಅಂಕಿಗಾರ

ಡ್ರೈವರ್ ಅಣ್ಣ, ನಿಮ್ಮ ಗಿರಾಕಿಗಳು ಹತ್ತು ದಿನದ ಮೇಲೆ ಎಲ್ಲಿರುತ್ತಾರೆ ಎಂದು ನಿಮಗೆ ಗೊತ್ತಿರುವುದಿಲ್ಲ. ಆದರೂ ನಿಮ್ಮ ಮಾತು ಪೂರ್ತಿ ತಪ್ಪಲ್ಲ. ಲೆಕ್ಕ ನೋಡಿ.

2012ರಿಂದ ಈವರೆಗೆ ಜಗತ್ತಿನಲ್ಲಿ ಪರೀಕ್ಷೆಯಿಂದ ಖಚಿತವಾದವರು 2,600ಕ್ಕೂ ಹೆಚ್ಚು. ಸತ್ತವರು 900ಕ್ಕೂ ಹೆಚ್ಚು. ಒಟ್ಟು 27 ದೇಶ, ಐದರಲ್ಲಿ ನಾಲ್ಕು ಪಾಲಿಗೂ ಜಾಸ್ತಿ ಸೌದಿಯಲ್ಲೇ. ಮೂವರಲ್ಲಿ ಒಬ್ಬರು ಎಂಬ ಮಾತು ಇಲ್ಲಿಂದ ಬಂದದ್ದು. ಆದರೆ ಈ 2,600ರಲ್ಲಿ ಹೆಚ್ಚಿನವರು ಆಸ್ಪತ್ರೆ ಸೇರುವಷ್ಟು ಕಾಯಿಲೆ ಬಿದ್ದವರು. ನೆಗಡಿಯಾಗಿ ಮನೆಯಲ್ಲೇ ವಾಸಿಯಾದವನು ಯಾವ ಲೆಕ್ಕಕ್ಕೂ ಸಿಗುವುದಿಲ್ಲ.

ಸೌದಿಯಲ್ಲಿ 10,009 ಜನರ ರಕ್ತ ನೋಡಿದ ಒಂದು ಅಧ್ಯಯನ 2015ರಲ್ಲಿ ಪ್ರಕಟವಾಯಿತು. 15 ಜನರಲ್ಲಿ ಪ್ರತಿಕಾಯ ಇತ್ತು. ಹತ್ತು ಸಾವಿರಕ್ಕೆ ಹದಿನೈದು, ಕೇಳಲು ಏನೂ ಅಲ್ಲ. ಅದನ್ನೇ ಇಡೀ ದೇಶಕ್ಕೆ ಲೆಕ್ಕ ಹಾಕಿದರೆ 40 ಸಾವಿರ ದಾಟುತ್ತದೆ. ಅಷ್ಟು ಜನ ಗೊತ್ತಿಲ್ಲದೆಯೇ ಸೋಂಕು ತಗುಲಿಸಿಕೊಂಡು ಓಡಾಡಿದ್ದಾರೆ ಎಂದಾಯಿತು. ಆಗ ಮೂವರಲ್ಲಿ ಒಬ್ಬರು ಎಲ್ಲಿ ಉಳಿಯಿತು?

ಒಂಟೆ ಕಾಯುವವರಲ್ಲಿ ಈ ಪ್ರತಿಕಾಯ ಸಿಕ್ಕಿದ್ದು ಉಳಿದವರಿಗಿಂತ ಸುಮಾರು 15 ಪಟ್ಟು ಜಾಸ್ತಿ, ಕಸಾಯಿಖಾನೆಯಲ್ಲಿ ದುಡಿಯುವವರಲ್ಲಿ 23 ಪಟ್ಟು ಜಾಸ್ತಿ. ಹೆದರಬೇಕಾದವನು ಸೆಲ್ಫಿಯವನಲ್ಲ. ನಿಮಗೆ ಹಾಲು ಕರೆದುಕೊಟ್ಟನಲ್ಲ, ಅವನು.

ಅನುಮಾನ_ಪುರುಷ

ನೋಡಿದಿರಾ, ನೀವೇ ಹೇಳಿದಿರಿ, 40 ಸಾವಿರ ಜನಕ್ಕೆ ಬಂದು ಏನೂ ಆಗಿಲ್ಲ. ನನ್ನ ಮಾತೂ ಅದೇ.

ಅಂಕಿಗಾರ

900 ಜನ ಸತ್ತದ್ದು "ಏನೂ ಆಗಿಲ್ಲ" ಲೆಕ್ಕಕ್ಕೆ ಬರುತ್ತದಾ? ಎರಡೂ ನಿಜ. ಹೆಚ್ಚಿನವರಿಗೆ ಏನೂ ಆಗುವುದಿಲ್ಲ, ಆದವರಿಗೆ ವಿಪರೀತ ಆಗುತ್ತದೆ.

ದನದ_ಡಾಕ್ಟ್ರು

ಅನುಮಾನ ಅವರ ಇನ್ನೊಂದು ಪ್ರಶ್ನೆ ಉಳಿದಿತ್ತು, 2012ಕ್ಕೆ ಮೊದಲು ಎಲ್ಲಿತ್ತು ಎಂದು. ಒಳ್ಳೆಯ ಪ್ರಶ್ನೆ. ಫ್ರಿಜ್ಜಿನಲ್ಲಿ ಎತ್ತಿಟ್ಟಿದ್ದ ಹಳೆಯ ಒಂಟೆ ರಕ್ತದ ಮಾದರಿಗಳನ್ನು ತೆಗೆದು ನೋಡಿದರು. ಸೊಮಾಲಿಯಾ, ಸುಡಾನಿನ 1983ರ ಮಾದರಿಗಳಲ್ಲೂ ಪ್ರತಿಕಾಯ ಸಿಕ್ಕಿತು. ಸೌದಿಯ 1992ರ ಮಾದರಿಗಳಲ್ಲೂ ಸಿಕ್ಕಿತು. ಅಂದರೆ ಒಂಟೆಯಲ್ಲಿ ಮೊದಲಿಂದಲೂ ಇತ್ತು. ಹಿಂದೆ ಮರುಭೂಮಿಯಲ್ಲಿ ಯಾರೋ ಮುದುಕ ಕೆಮ್ಮಿ ಕೆಮ್ಮಿ ತೀರಿಕೊಂಡರೆ ಯಾರು ಹೋಗಿ ಕಫ ಪರೀಕ್ಷೆ ಮಾಡುತ್ತಿದ್ದರು? ಹೊಸದಾಗಿ ಬಂದದ್ದು ಕಾಯಿಲೆಯಲ್ಲ, ಅದನ್ನು ಹುಡುಕುವ ಲ್ಯಾಬು.

ಅನುಮಾನ_ಪುರುಷ

1983ರ ರಕ್ತ ಯಾಕೆ ಇಟ್ಟುಕೊಂಡಿದ್ದರು?

ದನದ_ಡಾಕ್ಟ್ರು

ಪಶುವೈದ್ಯರು ಏನನ್ನೂ ಎಸೆಯುವುದಿಲ್ಲ. ನಮ್ಮ ಮನೆಯವರನ್ನು ಕೇಳಿ.

ಕಡಲತಡಿಯವ

ನನಗೆ ಒಂದು ಅರ್ಥ ಆಗುತ್ತಿಲ್ಲ. ಆಫ್ರಿಕಾದಲ್ಲಿ ಇನ್ನೂ ಜಾಸ್ತಿ ಒಂಟೆ ಇವೆಯಲ್ಲ, ಅಲ್ಲಿ ಜನ ಯಾಕೆ ಸಾಯುತ್ತಿಲ್ಲ?

ದನದ_ಡಾಕ್ಟ್ರು

ಇದೇ ನೋಡಿ ಇದರಲ್ಲಿ ಎಲ್ಲಕ್ಕಿಂತ ಕುತೂಹಲದ ವಿಷಯ. ಜಗತ್ತಿನ ಒಂಟೆಗಳಲ್ಲಿ ಬಹುಪಾಲು ಸೊಮಾಲಿಯಾ, ಸುಡಾನ್, ಕೆನ್ಯಾ, ಇಥಿಯೋಪಿಯಾ, ಚಾಡ್ ಕಡೆಯೇ ಇವೆ. ವೈರಸ್ಸೂ ಇದೆ. ಕೊಲ್ಲಿ ದೇಶಗಳಿಗೆ ಮಾಂಸಕ್ಕೆಂದು ಅಲ್ಲಿಂದಲೇ ಹಡಗಿನಲ್ಲಿ ಒಂಟೆ ಬರುತ್ತವೆ. ಆದರೂ ಅಲ್ಲಿ ಮನುಷ್ಯರ ಕೇಸು ಬೆರಳೆಣಿಕೆ. ಒಂದು ಕಾರಣ, ಪರೀಕ್ಷೆಯೇ ನಡೆಯುವುದಿಲ್ಲ. ಇನ್ನೊಂದು, ಅಲ್ಲಿನ ವೈರಸ್ಸಿನ ಕವಲೇ ಬೇರೆ. ಲ್ಯಾಬಿನಲ್ಲಿ ಮನುಷ್ಯರ ಶ್ವಾಸಕೋಶದ ಅಂಗಾಂಶಕ್ಕೆ ಹಾಕಿದಾಗ ಅರೇಬಿಯಾದ್ದರಷ್ಟು ಚುರುಕಾಗಿ ಬೆಳೆಯಲಿಲ್ಲ. ಅಲ್ಲಿನ ಜನಸಂಖ್ಯೆಯಲ್ಲಿ ಶುಗರ್ ಇರುವ ಮುದುಕರು ಕಡಿಮೆ ಎನ್ನುವುದೂ ಇದೆ.

ಆಸ್ಟ್ರೇಲಿಯಾದ್ದು ಇನ್ನೂ ಮಜಾ. ಅಲ್ಲಿ ಕಾಡು ಬಿದ್ದ ಒಂಟೆಗಳು ಹೇರಳ, ಬಹುಪಾಲು 19ನೇ ಶತಮಾನದಿಂದ ಆಗಿನ ಭಾರತದ ಕಡೆಯಿಂದ ಹಡಗು ಹತ್ತಿದವುಗಳ ಸಂತತಿ. ಅವುಗಳ ರಕ್ತ ನೋಡಿದರು, ಒಂದರಲ್ಲೂ ಸುಳಿವಿಲ್ಲ.

ಹುಣಸೆಹುಳಿ

ಎರಡು ಡುಬ್ಬದ ಒಂಟೆಗೆ ಈ ವೈರಸ್ ಬರುವುದೇ ಇಲ್ಲ ಎಂದು ಎಲ್ಲೋ ಓದಿದ್ದೆ. ಸಾಕುವುದಾದರೆ ಅದನ್ನೇ ಸಾಕಬೇಕು.

ದನದ_ಡಾಕ್ಟ್ರು

ಮಂಗೋಲಿಯಾದ ಎರಡು ಡುಬ್ಬದವುಗಳಲ್ಲಿ ಹುಡುಕಿದಾಗ ಸಿಗಲಿಲ್ಲ, ಆ ಮಟ್ಟಿಗೆ ಸರಿ. ಆದರೆ ದುಬೈಯಲ್ಲಿ ಒಂದು ಡುಬ್ಬದವುಗಳ ಜೊತೆ ಬೆಳೆದ ಎರಡು ಡುಬ್ಬದವುಗಳಲ್ಲೂ ಪ್ರತಿಕಾಯ ಸಿಕ್ಕಿತು. ಡುಬ್ಬದಲ್ಲಿ ಏನಿಲ್ಲ, ಸಹವಾಸದಲ್ಲಿದೆ.

ಬೇವಿನಕಟ್ಟೆ

ರಾಜಸ್ಥಾನದ ಒಂಟೆಗಳ ಗತಿ? ನಾವು ಹೋದ ವರ್ಷ ಜೈಸಲ್ಮೇರ್‌ನಲ್ಲಿ ಸವಾರಿ ಮಾಡಿದ್ದೆವು!

ಅಂಕಿಗಾರ

ಭಾರತದಲ್ಲಿ ಇವತ್ತಿನವರೆಗೆ ಒಬ್ಬ ಮರ್ಸ್ ರೋಗಿಯೂ ವರದಿಯಾಗಿಲ್ಲ. ಹೋದ ವರ್ಷದ ಸವಾರಿಗೆ ಈ ವರ್ಷ ಹೆದರುವುದು ಬಿಡಿ.

ಸೋಲ್_ಸಾಫ್ಟ್‌ವೇರ್

ಒಂಟೆಗೆ ಹೆದರುವವರಿಗೆ ಕೊರಿಯಾದ ಕಥೆ ಹೇಳುತ್ತೇನೆ. 2015ರಲ್ಲಿ ನಾನು ಅಲ್ಲೇ ಇದ್ದೆ. ಕೊಲ್ಲಿ ದೇಶಗಳಿಗೆ ವ್ಯಾಪಾರಕ್ಕೆ ಹೋಗಿ ಬಂದ ಒಬ್ಬರೇ ಒಬ್ಬರು, 68 ವರ್ಷ. ಕಾಯಿಲೆ ಏನೆಂದು ತಿಳಿಯದೆ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದರು. ಕೊನೆಗೆ 186 ಜನರಿಗೆ ಬಂತು, 38 ಜನ ಸತ್ತರು. ಸೋಲ್‌ನ ಒಂದು ದೊಡ್ಡ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಒಬ್ಬನೇ ರೋಗಿಯಿಂದ 80ಕ್ಕೂ ಹೆಚ್ಚು ಜನರಿಗೆ ಹರಡಿತು. 16 ಸಾವಿರಕ್ಕೂ ಜಾಸ್ತಿ ಜನ ಮನೆಯೊಳಗೆ ಬಂದಿ.

ಆಗ ಸರ್ಕಾರ ಹೊರಡಿಸಿದ ಸೂಚನೆಯಲ್ಲಿ "ಒಂಟೆಗಳಿಂದ ದೂರವಿರಿ, ಒಂಟೆ ಹಾಲು ಕುಡಿಯಬೇಡಿ" ಎಂದಿತ್ತು. ಜನ ನಕ್ಕು ನಕ್ಕು ಸುಸ್ತಾದರು. ಬೆಳಿಗ್ಗೆ ಆಫೀಸಿಗೆ ಒಂಟೆ ಬಿಟ್ಟು ಬಸ್ಸಿನಲ್ಲಿ ಬಂದೆ ಎಂದು ನಮ್ಮ ಮ್ಯಾನೇಜರೇ ತಮಾಷೆ ಮಾಡುತ್ತಿದ್ದ. ಮೃಗಾಲಯದಲ್ಲಿದ್ದ ಎರಡು ಒಂಟೆಗಳನ್ನೂ ಹಿಡಿದು ಬೇರೆ ಇಟ್ಟರು. ಪಾಪ, ಅವು ಕೊಲ್ಲಿ ದೇಶ ಕಂಡೇ ಇರಲಿಲ್ಲ. ಪರೀಕ್ಷೆಯಲ್ಲಿ ಏನೂ ಸಿಗದೆ ಬಿಟ್ಟರು.

ಹುಣಸೆಹುಳಿ

ಒಂಟೆ ಕ್ವಾರಂಟೈನು! ನಾವು 2020ರಲ್ಲಿ ಅನುಭವಿಸಿದ್ದನ್ನು ಅವು ಮೊದಲೇ ಅನುಭವಿಸಿವೆ.

ವಾರ್ಡ್_ಅಕ್ಕ

ಸೌದಿಯಲ್ಲಿ ಉಲ್ಟಾ. 2014ರಲ್ಲಿ ಒಂಟೆ ಹತ್ತಿರ ಹೋಗುವಾಗ ಮಾಸ್ಕ್, ಗ್ಲೌಸ್ ಹಾಕಿಕೊಳ್ಳಿ ಎಂದು ಸರ್ಕಾರ ಹೇಳಿತು. ಸಾಕುವವರು ಸಿಟ್ಟಿಗೆದ್ದು ಒಂಟೆಯ ಮೂತಿಗೆ ಮುತ್ತಿಡುವ ವಿಡಿಯೊ ಮಾಡಿ ಹಾಕಿದರು. "ನನ್ನ ಮುಖಕ್ಕೆ ಸೀನು" ಎಂದು ಒಂಟೆಗೆ ಹೇಳುವವರೂ ಇದ್ದರು. ಮನೆಮಗನ ಹಾಗೆ ಸಾಕಿದ್ದನ್ನು ರೋಗದ ಮೂಲ ಎಂದರೆ ಯಾರಿಗೆ ಸಹನೆಯಾಗುತ್ತದೆ? ನಮ್ಮ ಹಟ್ಟಿಯ ಹಸುವನ್ನು ಯಾರಾದರೂ ಹಾಗಂದರೆ ನಾವು ಸುಮ್ಮನಿರುತ್ತೇವಾ?

ಪದಬಂಧ

ಗುಡಾರದೊಳಗೆ ಮೂಗು ತೂರಿಸಲು ಜಾಗ ಕೇಳಿದ ಒಂಟೆಯ ಕಥೆ ನೆನಪಾಯಿತು. ಅಪಾಯ ಮೂಗಿನಲ್ಲೇ ಇದೆ ಎಂದು ಅಜ್ಜಿಗೆ ಆಗಲೇ ಗೊತ್ತಿತ್ತು!

ಮಿತಾಹಾರಿ

ಹಾಲಿನ ವಿಷಯ ಯಾರೂ ಸರಿಯಾಗಿ ಹೇಳಲಿಲ್ಲ. ಶುಗರ್‌ಗೆ ಒಂಟೆ ಹಾಲು ಒಳ್ಳೆಯದು ಎನ್ನುತ್ತಾರೆ. ಕಾಯಿಸಿದರೆ ಸತ್ವ ಹೋಗುತ್ತದೆ, ಹಸಿಯಾಗಿಯೇ ಕುಡಿಯಬೇಕು. ಅಪ್ಪನಿಗೆ ಒಳ್ಳೆಯದೇ ಆಗಿರಬಹುದು. ಒಂಟೆ ಮೂತ್ರಕ್ಕೂ

(ಉಳಿದ ಭಾಗವನ್ನು ನಿರ್ವಾಹಕರು ತೆಗೆದಿದ್ದಾರೆ)

ನಿರ್ವಾಹಕ

ಮೂತ್ರ ಚಿಕಿತ್ಸೆಯ ಚರ್ಚೆ ಇಲ್ಲಿ ಬೇಡ. ಮೂರು ವರ್ಷದ ಹಿಂದೆ ಒಮ್ಮೆ ಬಿಟ್ಟಿದ್ದೆವು, 400 ಕಾಮೆಂಟು ಬಿದ್ದವು. ವಿಶ್ವ ಆರೋಗ್ಯ ಸಂಸ್ಥೆ ಹಸಿ ಹಾಲು, ಮೂತ್ರ, ಅರೆಬೆಂದ ಮಾಂಸ ಮೂರೂ ಬೇಡ ಎಂದಿದೆ. ಅಲ್ಲಿಗೆ ಮುಗಿಯಿತು.

ದನದ_ಡಾಕ್ಟ್ರು

ಹಾಲಿನ ಬಗ್ಗೆ ಹೇಳಲೇಬೇಕು. ಕತಾರ್‌ನಲ್ಲಿ ಸೋಂಕಿದ್ದ ಒಂಟೆಗಳ ಹಾಲಿನಲ್ಲಿ ವೈರಸ್ಸಿನ ಗುರುತು ಸಿಕ್ಕಿದೆ. ಕೆಚ್ಚಲಿನಿಂದಲೇ ಬಂತೋ, ಮರಿಯ ಬಾಯಿಂದ ತಾಗಿತೋ, ಕರೆಯುವವನ ಕೈಯಿಂದಲೋ, ಅದು ಬೇರೆ ಮಾತು. ಹಸಿ ಹಾಲಿಗೆ ಬೆರೆಸಿ ಫ್ರಿಜ್ಜಿನಲ್ಲಿಟ್ಟಾಗ ಮೂರು ದಿನದ ಮೇಲೂ ವೈರಸ್ ಜೀವಂತ ಇತ್ತು. 63 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿದಾಗ ಸತ್ತುಹೋಯಿತು. ಒಂದು ಕುದಿ ಬರಿಸಿದರೆ ಮುಗಿಯಿತು, ಇಷ್ಟಕ್ಕೆ ಏನು ಸತ್ವ ಹೋಗುತ್ತದೆ ಮಿತಾಹಾರಿಗಳೇ?

ನಿಜ ಹೇಳಬೇಕೆಂದರೆ, ಹಸಿ ಹಾಲಿಗೆ ನಾನು ಹೆದರುವುದು ಮರ್ಸ್‌ಗಲ್ಲ. ಬ್ರುಸೆಲ್ಲಾ ಎಂಬ ಬ್ಯಾಕ್ಟೀರಿಯಾಗೆ. ಅದರಿಂದ ಬರುವ ಕಾಯಿಲೆಗೆ ಅಲ್ಲಿಯವರು ಮಾಲ್ಟಾ ಜ್ವರ ಎನ್ನುತ್ತಾರೆ. ಸಂಜೆ ಸಂಜೆ ಜ್ವರ, ರಾತ್ರಿ ಬೆವರು, ಕೀಲು ಸೊಂಟ ಹಿಡಿದುಕೊಳ್ಳುವುದು. ಕೊಲ್ಲುವುದು ಅಪರೂಪ, ತಿಂಗಳುಗಟ್ಟಲೆ ಹಿಂಡುತ್ತದೆ. ಹಾಲು ಕುಡಿದು ಎಷ್ಟೋ ವಾರ ಆದಮೇಲೆ ಬರುವುದರಿಂದ ಯಾರಿಗೂ ಆ ಬಟ್ಟಲು ನೆನಪಿಗೇ ಬರುವುದಿಲ್ಲ. ನನ್ನ ಜೊತೆಗಿದ್ದ ಇಬ್ಬರಿಗೆ ಬಂದಿತ್ತು. ರಾತ್ರಿಪಾಳಿ ಅವರೇ, ಹದಿನಾಲ್ಕು ದಿನ ಮುಗಿಯಿತೆಂದು ಮರೆಯಬೇಡಿ. ಎರಡು ಮೂರು ತಿಂಗಳು ಇದನ್ನು ತಲೆಯಲ್ಲಿಟ್ಟುಕೊಳ್ಳಿ.

ಕಡಲತಡಿಯವ

ಒಂದು ಹೋಯಿತು ಎಂದರೆ ಇನ್ನೊಂದು ತರುತ್ತೀರಿ ಡಾಕ್ಟ್ರೇ.

ರಿಯಾದ್_ರಾತ್ರಿಪಾಳಿ (ಗುರುವಾರ)

ಅಪ್ಪನಿಗೆ ನಿನ್ನೆ ರಾತ್ರಿ 101 ಜ್ವರ, ಕೆಮ್ಮು. ಆಸ್ಪತ್ರೆಗೆ ಕರೆದುಕೊಂಡು ಬಂದಿದ್ದೇನೆ. ಅಕ್ಕ ಹೇಳಿದ ಹಾಗೆ ಮೊದಲ ಮಾತೇ ಒಂಟೆ ಎಂದೆ. ಬಾಗಿಲಲ್ಲೇ ಒಂದು ಫಾರಂ ಇಟ್ಟಿದ್ದಾರೆ. ಜ್ವರಕ್ಕೆ ಇಷ್ಟು ಅಂಕ, ಕೆಮ್ಮಿಗೆ ಇಷ್ಟು, ಒಂಟೆ ಮುಟ್ಟಿದ್ದಕ್ಕೆ ಇಷ್ಟು. ಅಪ್ಪನಿಗೆ ಚೆನ್ನಾಗಿಯೇ ಅಂಕ ಬಂತು. ಕೂಡಲೇ ಬೇರೆ ರೂಮಿಗೆ ಹಾಕಿದರು. ನನ್ನನ್ನು ಒಳಗೆ ಬಿಡುತ್ತಿಲ್ಲ. ಗಾಜಿನಾಚೆಯಿಂದ ಕೈ ಬೀಸುತ್ತಿದ್ದಾರೆ, ಫೋನಿನಲ್ಲಿ "ಆ ಒಂಟೆಗೆ ಏನೂ ಮಾಡಬೇಡಿ ಅನ್ನು" ಎನ್ನುತ್ತಿದ್ದಾರೆ.

ಬೇವಿನಕಟ್ಟೆ

ಅಯ್ಯೋ ದೇವರೇ. ಧೈರ್ಯವಾಗಿರಿ.

ವಾರ್ಡ್_ಅಕ್ಕ

ಬೇರೆ ರೂಮಿಗೆ ಹಾಕಿದ್ದು ಒಳ್ಳೆಯ ಲಕ್ಷಣ ತಮ್ಮ, ಹೆದರಬೇಡ. ನಮ್ಮ ಕಾಲದಲ್ಲಿ ಹೀಗೆ ಮಾಡಿದ್ದರೆ ಎಷ್ಟು ಜನ ಉಳಿಯುತ್ತಿದ್ದರು. ಒಂದು ಮಾತು: ಗಂಟಲಿನ ಸ್ವಾಬ್ ಒಂದೇ ನೆಗೆಟಿವ್ ಬಂದರೆ ಸಾಕು ಎಂದುಕೊಳ್ಳಬೇಡ. ಈ ವೈರಸ್ ಕೆಳಗೆ ಶ್ವಾಸಕೋಶದಲ್ಲಿ ಕೂರುತ್ತದೆ. ಕಫ ಬರುತ್ತಿದ್ದರೆ ಕಫದ್ದನ್ನೂ ಕಳಿಸುತ್ತಾರಾ ಎಂದು ಕೇಳು.

ಅನುಮಾನ_ಪುರುಷ

ಅಪ್ಪ ಬೇಗ ಹುಷಾರಾಗಲಿ. ನನ್ನ ಮಾತಿನಿಂದ ತಡ ಮಾಡಲಿಲ್ಲ ತಾನೇ?

ರಿಯಾದ್_ರಾತ್ರಿಪಾಳಿ

ಇಲ್ಲ ಇಲ್ಲ.

ಮಿತಾಹಾರಿ

ಲಸಿಕೆ ಇಲ್ಲವಾ ಇದಕ್ಕೆ? ಕೋವಿಡ್‌ಗೆ ಒಂದೇ ವರ್ಷದಲ್ಲಿ ತಂದರಲ್ಲ.

ದನದ_ಡಾಕ್ಟ್ರು

ಮನುಷ್ಯರಿಗೆ ಇನ್ನೂ ಮಾರುಕಟ್ಟೆಗೆ ಬಂದಿಲ್ಲ, ಪ್ರಯೋಗಗಳು ನಡೆದಿವೆ. ಒಂಟೆಗೆ ಒಂದು ಲಸಿಕೆಯನ್ನು ಕೊಟ್ಟು ನೋಡಿದ್ದು 2016ರಲ್ಲಿ ಪ್ರಕಟವಾಯಿತು. ಮೂಗಿನಿಂದ ಹೊರಬೀಳುವ ವೈರಸ್ ತುಂಬ ಕಡಿಮೆಯಾಯಿತು. ತೊಡಕು ವಿಜ್ಞಾನದಲ್ಲಿಲ್ಲ, ಜೇಬಿನಲ್ಲಿದೆ. ಒಂಟೆಗೆ ಕಾಯಿಲೆಯೇ ಅಲ್ಲದ್ದಕ್ಕೆ ಸಾಕುವವನು ದುಡ್ಡು ಯಾಕೆ ಕೊಡುತ್ತಾನೆ? ಒಮಾನಿನಲ್ಲಿ ಒಬ್ಬರನ್ನು ಕೇಳಿದ್ದೆ. "ಸಿಡುಬಿಗೆ ಸೂಜಿ ಇದ್ದರೆ ಕೊಡು, ಅದರಿಂದ ನನ್ನ ಮರಿ ಸಾಯುತ್ತದೆ. ಇದರಿಂದ ಸಾಯುವುದು ನೀನು, ನೀನೇ ದುಡ್ಡು ಹಾಕು" ಎಂದರು. ನನಗೆ ಉತ್ತರ ಹೊಳೆಯಲಿಲ್ಲ.

ರಿಯಾದ್_ರಾತ್ರಿಪಾಳಿ (ಶನಿವಾರ)

ಸ್ವಾಬ್ ನೆಗೆಟಿವ್! ಕಫವೂ ನೆಗೆಟಿವ್! ಎಕ್ಸ್‌ರೇ ಚೆನ್ನಾಗಿದೆ. ಬಂದಿದ್ದದ್ದು ಮಾಮೂಲಿ ಫ್ಲೂ. ಆ ಫ್ಲೂ ಕೊಟ್ಟವನು ಬಹುಶಃ ನಾನೇ. ಇನ್ನೆರಡು ದಿನಕ್ಕೆ ಮನೆಗೆ ಬರುತ್ತಾರೆ. ಹೆಂಡತಿ ಮಾತು ಶುರು ಮಾಡಿದ್ದಾಳೆ, ಬಿಟ್ಟಿದ್ದೇ ಚೆನ್ನಾಗಿತ್ತು ಅನ್ನಿಸುತ್ತಿದೆ.

ಕಡಲತಡಿಯವ

ಅಬ್ಬಾ! ಒಂಟೆ ಮೇಲೆ ಹಾಕಿದ ಕೇಸು ವಜಾ.

ದನದ_ಡಾಕ್ಟ್ರು

ಒಳ್ಳೆಯದಾಯಿತು. ಆದರೂ ಒಂಟೆಯನ್ನು ಪೂರ್ತಿ ಬಿಡುಗಡೆ ಮಾಡಬೇಡಿ. ನಮಗೆ ಬರುವ ಮಾಮೂಲಿ ನೆಗಡಿಯ ಕೊರೊನಾಗಳಲ್ಲಿ 229ಇ ಎಂಬುದೊಂದಿದೆ. ಅದರ ಹತ್ತಿರದ ನೆಂಟ ಒಂಟೆಗಳಲ್ಲಿ ಸಿಕ್ಕಿದೆ. ಯಾವುದೋ ಕಾಲದಲ್ಲಿ ಒಂಟೆಯ ದಾರಿಯಲ್ಲೇ ನಮ್ಮ ಬಳಿ ಬಂದು, ಈಗ ಮನೆಯವರ ಹಾಗೆ ಇದೆ ಎಂಬ ಲೆಕ್ಕ ಕೆಲವರದ್ದು.

ಅಂಕಿಗಾರ

ಆ ಸುಡಾನಿನವನನ್ನು ಯಾರಾದರೂ ಪರೀಕ್ಷೆ ಮಾಡಿದರಾ?

ರಿಯಾದ್_ರಾತ್ರಿಪಾಳಿ

ಇಲ್ಲ. ನಾನೂ ಯೋಚಿಸಿರಲಿಲ್ಲ. ಗೆಳೆಯನಿಗೆ ಹೇಳುತ್ತೇನೆ.

ರಿಯಾದ್_ರಾತ್ರಿಪಾಳಿ (ಎರಡು ತಿಂಗಳ ನಂತರ)

ಹಳೆಯ ಚರ್ಚೆ ಮೇಲೆ ತಂದಿದ್ದಕ್ಕೆ ಕ್ಷಮಿಸಿ, ಡಾಕ್ಟ್ರಿಗೆ ಹೇಳಲೇಬೇಕಿತ್ತು. ಅಪ್ಪ ನಾನು ಇಬ್ಬರೂ ಚೆನ್ನಾಗಿದ್ದೇವೆ, ಬ್ರುಸೆಲ್ಲಾ ಪರೀಕ್ಷೆಯೂ ಆಯಿತು, ಏನಿಲ್ಲ. ಅಂಕಿಗಾರರ ಮಾತು ತಲೆಯಲ್ಲಿ ಕೊರೆಯುತ್ತಿತ್ತು. ಗೆಳೆಯನ ಬೆನ್ನು ಬಿದ್ದು ಆ ಸುಡಾನಿನವನನ್ನು ಕ್ಲಿನಿಕ್ಕಿಗೆ ಕಳಿಸಿದೆ. ಮರ್ಸ್ ಇಲ್ಲ, ಬ್ರುಸೆಲ್ಲಾ ಇದೆ. ಐದು ತಿಂಗಳಿಂದ ಸೊಂಟ ನೋವು, ಸಂಜೆ ಜ್ವರ ಇತ್ತಂತೆ. ಹೊರೆ ಎತ್ತಿದ್ದಕ್ಕೆ ಎಂದುಕೊಂಡು ನೋವಿನ ಮಾತ್ರೆ ನುಂಗುತ್ತಿದ್ದನಂತೆ. ಈಗ ಆರು ವಾರದ ಮಾತ್ರೆ ಶುರುವಾಗಿದೆ. ಗೆಳೆಯನೂ ಪರೀಕ್ಷೆ ಮಾಡಿಸಿಕೊಂಡ, ಅವನ ರಿಪೋರ್ಟ್ ಇನ್ನೂ ಬರಬೇಕು, ಮುಖ ಬಾಡಿದೆ.

ಫಾರ್ಮಿನಲ್ಲಿ ಈಗ ಗ್ಯಾಸ್ ಒಲೆ ಇಟ್ಟಿದ್ದಾರೆ, ಹಾಲು ಕುದಿಸಿಯೇ ಕೊಡುವುದು. ಅಪ್ಪ ಊರಿಗೆ ಹೊರಡುವ ಮುಂಚೆ ಇನ್ನೊಮ್ಮೆ ಹೋಗಿದ್ದೆವು. ದೂರದಿಂದಲೇ ನೋಡಿದರು. ಮರಿಯ ಮೂಗು ಒಣಗಿದೆ.

ಪದಬಂಧ

ಅಪ್ಪ ಅದನ್ನು ಮರಿ ಎಂದರಾ, ಕರು ಎಂದರಾ?

ರಿಯಾದ್_ರಾತ್ರಿಪಾಳಿ

"ಕೂಸು" ಎಂದರು.